ಹದಿನೆಂಟು ತುಂಬಿದ ಮೊಮ್ಮಗಳಿಗೆ

ಪುಟ್ಟೀ, ನಿನಗೆ ಹದಿನೆಂಟು ತುಂಬಿತು ಅಂತ ಮನೆಯಲ್ಲೆಲ್ಲ ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸಿನ ಮಾತು. ಮಕ್ಕಳ ವಾರ್ಡಿನಲ್ಲೇ ಸರ್ವಿಸು ಕಳೆದ ನಿನ್ನಜ್ಜಿಗೆ ಇನ್ನೊಂದು ವಿಷಯ ನೆನಪಾಗುತ್ತದೆ. ಈ ವಯಸ್ಸಿಗೆ ರಕ್ತ ಕೊಡುವ ಅರ್ಹತೆಯೂ ಬರುತ್ತದೆ. ಆರೋಗ್ಯ ಸರಿಯಿದ್ದು, ತೂಕ 45 ಕೆಜಿ, ಹಿಮೋಗ್ಲೋಬಿನ್ 12.5 ಇದ್ದರೆ ಕೊಡಬಹುದು. ಸೊಪ್ಪು, ಕಾಳು ತಿನ್ನು ಅಂತ ನಿನ್ನ ಹಿಂದೆ ಬೀಳುವುದು ಅದಕ್ಕೇ.

ಥಲಸೇಮಿಯಾ ಮಕ್ಕಳನ್ನು ನೀನು ಕಂಡಿಲ್ಲ. ಅವರ ಮೈ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸಲಾರದು. ಕಾಯಿಲೆ ತೀವ್ರವಾಗಿದ್ದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು, ವರ್ಷಗಟ್ಟಲೆ. ಹಾಗೆ ಏರಿಸಿದ ರಕ್ತದ ಕಬ್ಬಿಣ ಹೃದಯದಲ್ಲಿ, ಲಿವರಿನಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಹೊರಹಾಕಲು ಮತ್ತೆ ದಿನಾ ಮಾತ್ರೆ. ಆ ಮಕ್ಕಳು ಸ್ಕೂಲ್ ಬ್ಯಾಗಿನ ಜೊತೆಗೇ ಬರುತ್ತಿದ್ದರು, ಒಂದು ಕೈಗೆ ರಕ್ತ ಏರುತ್ತಿದ್ದರೆ ಇನ್ನೊಂದು ಕೈಯಲ್ಲಿ ಹೋಂವರ್ಕ್ ಬರೆಯುತ್ತಿದ್ದರು. ನಾನು ಸೂಜಿ ಹಿಡಿದು ನರ ಹುಡುಕುವಾಗ, ‘ಸಿಸ್ಟರ್, ಈ ಕೈಯಲ್ಲಿ ಸಿಗಲ್ಲ, ಆ ಕೈಗೆ ಹಾಕಿ’ ಎಂದು ತಾವೇ ಕೈ ಚಾಚುತ್ತಿದ್ದರು. ಆರೇಳು ವರ್ಷದ ಮಕ್ಕಳು! ನೈಟ್ ಡ್ಯೂಟಿ ಸಾಕು, ಬಿಟ್ಟುಬಿಡೋಣ ಅನ್ನಿಸಿದಾಗಲೆಲ್ಲ ನನ್ನನ್ನು ಮತ್ತೆ ವಾರ್ಡಿಗೆ ಕರೆಸಿಕೊಂಡವರು ಅವರೇ.

ರಕ್ತದ ಕ್ಯಾನ್ಸರಿನ ಮಕ್ಕಳ ಕಷ್ಟ ಬೇರೆ ಬಗೆಯದು. ಅವರಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಗುಣವಾಗುವಂಥದ್ದು, ಆದರೆ ಚಿಕಿತ್ಸೆ ಎರಡು ಮೂರು ವರ್ಷ ಹಿಡಿಯುತ್ತದೆ. ಕೀಮೋ ಆದಮೇಲೆ ರಕ್ತಕಣಗಳ ಕೌಂಟ್ ಇಳಿಯುತ್ತದೆ, ಮೂಗು, ವಸಡಿನಿಂದ ರಕ್ತ ಬರುತ್ತದೆ. ಆಗ ಪ್ಲೇಟ್‌ಲೆಟ್ ಬೇಕು. ಕೆಂಪುಕಣಗಳನ್ನು ಐದಾರು ವಾರ ಫ್ರಿಜ್ಜಿನಲ್ಲಿ ಇಡಬಹುದು. ಪ್ಲೇಟ್‌ಲೆಟ್ ತಡೆಯುವುದು ಸಾಮಾನ್ಯವಾಗಿ 5 ದಿನ, ಅದೂ ಸದಾ ಕುಲುಕುತ್ತಿರುವ ಯಂತ್ರದ ಮೇಲೆ. ಕೂಡಿಟ್ಟುಕೊಳ್ಳುವ ಮಾತೇ ಇಲ್ಲ. ಬೀದರಿನಿಂದ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಬಂದ ತಂದೆಗೆ ಇಲ್ಲಿ ಒಬ್ಬರೂ ಗೊತ್ತಿರುವುದಿಲ್ಲ. ‘ಡೋನರ್ ಕರ್ಕೊಂಡು ಬನ್ನಿ’ ಎಂದರೆ ಆತ ಯಾರನ್ನು ಕರೆಯಬೇಕು? ದುಡ್ಡಿಗೆ ರಕ್ತ ಮಾರುವುದು ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರ ಜನವರಿಯಿಂದ ನಿಷೇಧವಾಯಿತು. ನಿಲ್ಲಲೇಬೇಕಾದ ದಂಧೆ ಅದು. ಮಾರುವವರನ್ನು ನಿಲ್ಲಿಸಿದ ಮೇಲೆ ಕೊಡುವವರು ಬರಬೇಕಲ್ಲ, ಅವರು ನಿನ್ನಂಥವರೇ.

ಹುಟ್ಟುಹಬ್ಬಕ್ಕೆ ಒಂದು ಸಲ ಕೊಟ್ಟು ಫೋಟೋ ಹಾಕುವವರನ್ನು ನಾನು ಬೈಯುವುದಿಲ್ಲ, ಆ ರಕ್ತವೂ ಒಂದು ಮಗುವಿಗೆ ತಲುಪುತ್ತದೆ. ಆದರೆ ಅದೇ ಮಗುವಿಗೆ ಮೂರು ವಾರ ಕಳೆದರೆ ಮತ್ತೆ ರಕ್ತ ಬೇಕು. ಹೆಣ್ಣುಮಕ್ಕಳು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕಾಲೇಜುಗಳಿಗೆ ರಜೆ ಬಿದ್ದು ಶಿಬಿರಗಳು ಕಡಿಮೆಯಾಗುವ ಏಪ್ರಿಲ್, ಮೇ ತಿಂಗಳನ್ನಂತೂ ತಪ್ಪಿಸಬೇಡ.

ವಾರ್ಡಿಗೆ ಹೋದರೆ ಮಕ್ಕಳ ಫೋಟೋ ತೆಗೆಯಬೇಡ. ತಲೆಗೂದಲು ಉದುರಿದ ಮಗುವಿನೆದುರು ಲೊಚಗುಟ್ಟಬೇಡ, ಅದರ ಜೊತೆ ಹಾವು ಏಣಿ ಆಡು.

ಇನ್ನೊಂದು ಮಾತನ್ನು ಮನಸ್ಸಿಟ್ಟು ಕೇಳು. ಆ ಮಕ್ಕಳನ್ನು ನೋಡಿದಾಗ ‘ಸದ್ಯ, ನಮಗೆ ಹೀಗಾಗಲಿಲ್ಲ’ ಎಂಬ ಸಮಾಧಾನ ಹುಟ್ಟುತ್ತದೆ. ಅದನ್ನೇ ಕೃತಜ್ಞತೆ ಅಂದುಕೊಳ್ಳಬೇಡ, ಅದು ಹೆದರಿಕೆ ಇಳಿದ ನೆಮ್ಮದಿ ಅಷ್ಟೇ. ತನ್ನ ಮಗು ಐಸಿಯುನಲ್ಲಿರುವಾಗ ಪಕ್ಕದ ಹಾಸಿಗೆಯ ಮಗುವಿನ ಬಟ್ಟೆ ಒಗೆದುಕೊಟ್ಟ ತಾಯಂದಿರನ್ನು ನೋಡಿದ್ದೇನೆ. ಬಾಡಿಗೆ ಬಿಟ್ಟು ಬಂದು, ಗುರುತಿಲ್ಲದ ಮಗುವಿಗೆ ಪ್ಲೇಟ್‌ಲೆಟ್ ಕೊಡಲು ಗಂಟೆಗಟ್ಟಲೆ ಮಲಗಿದ ಆಟೋದವರನ್ನು ನೋಡಿದ್ದೇನೆ. ಇಂಥವರ ನಡುವೆ ಬದುಕು ಸಿಕ್ಕಿತಲ್ಲ ಎಂದು ನನ್ನ ಕಣ್ಣು ತುಂಬಿದ್ದುಂಟು. ಅದನ್ನು ಕೃತಜ್ಞತೆ ಎನ್ನುತ್ತೇನೆ. ಅದು ಬರಬೇಕಾದರೆ ನೀನೂ ಅವರ ಸಾಲಿನಲ್ಲಿ ನಿಂತಿರಬೇಕು.

ಮುಂದೆ ನಿನ್ನ ಮದುವೆ ಮಾತು ಬಂದಾಗ ಜಾತಕಕ್ಕಿಂತ ಮೊದಲು ಇಬ್ಬರೂ ಥಲಸೇಮಿಯಾ ವಾಹಕರೇ ಎಂದು ತಿಳಿಸುವ ಎಚ್‌ಬಿಎ2 ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ತಂದೆತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ನಾಚಿಕೊಳ್ಳುವಂಥದ್ದೇನೂ ಇದರಲ್ಲಿಲ್ಲ.

ಈ ಸಲ ನಿನ್ನ ಓದಿನ ಪರೀಕ್ಷೆ ಮುಗಿದ ವಾರವೇ ಬ್ಲಡ್ ಬ್ಯಾಂಕಿಗೆ ಹೋಗು. ಹೊಟ್ಟೆ ತುಂಬ ಊಟ ಮಾಡಿ, ನೀರು ಕುಡಿದು, ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗು. ನಾಲ್ಕು ತಿಂಗಳಾದ ಮೇಲೆ ಇಬ್ಬರೂ ಮತ್ತೆ ಹೋಗಿ.