ನಿಂತಿದೆಯೋ, ನಡೆಯುತ್ತಿದೆಯೋ? ಕಂಪ್ಯೂಟರ್ ಪಾಠದಲ್ಲಿ ವೀಕ್ಷಣೆಯ ಸ್ಥಾನ

ಅಭ್ಯಾಸ ಬೋಧನೆಯಲ್ಲಿ 9ನೇ ತರಗತಿಗೆ ಕಂಪ್ಯೂಟರ್ ನಿರ್ವಹಣೆಯ ಪಾಠ ಮಾಡುವಾಗ, ಪ್ರಯೋಗಾಲಯದ ವಿಂಡೋಸ್ 7 ಯಂತ್ರವೊಂದು ‘ಕ್ಲೀನಿಂಗ್ ಅಪ್’ ಸಂದೇಶದಲ್ಲೇ ನಿಂತಿತ್ತು. “ಸ್ವಿಚ್ ಆರಿಸಿಬಿಡೋಣ” ಎಂದರು ಮಕ್ಕಳು. ಆ ಸಲಹೆಯನ್ನೇ ಪಾಠದ ಸಮಸ್ಯೆಯಾಗಿ ಎತ್ತಿಕೊಂಡೆ.

ಉದ್ದೇಶ: ನಿಧಾನವಾಗಿ ನಡೆಯುವ ಯಂತ್ರಕ್ಕೂ ಸಿಲುಕಿಕೊಂಡ ಯಂತ್ರಕ್ಕೂ ಇರುವ ವ್ಯತ್ಯಾಸವನ್ನು ಕುರುಹುಗಳಿಂದ ಗುರುತಿಸುವುದು.

ವಿಷಯ ನಿರೂಪಣೆ: ಅಪ್‌ಡೇಟ್ ಆದ ಮೇಲೂ ಹಳೆಯ ಕಡತಗಳು ‘ವಿನ್‌ಎಸ್‌ಎಕ್ಸ್‌ಎಸ್’ ಫೋಲ್ಡರಿನಲ್ಲಿ ಉಳಿಯುತ್ತವೆ. ಅವನ್ನು ತೆಗೆಯುವ ಸೌಲಭ್ಯ ವಿಂಡೋಸ್ 7ರ ಡಿಸ್ಕ್ ಕ್ಲೀನಪ್‌ಗೆ ಸೇರಿದ್ದು 2013ರ ಅಕ್ಟೋಬರ್‌ನಲ್ಲಿ. ಆ ಕೆಲಸದ ಒಂದು ಭಾಗ ಯಂತ್ರ ಮರುಪ್ರಾರಂಭವಾಗುವಾಗ ನಡೆಯುತ್ತದೆ. ಹಳೆಯ ಲೆಕ್ಕವನ್ನು ಹೊಸ ಪುಸ್ತಕಕ್ಕೆ ಬರೆಯುತ್ತಿರುವಾಗ ನಡುವೆ ಪುಸ್ತಕ ಕಿತ್ತುಕೊಂಡರೆ ಎರಡೂ ಕೆಡುತ್ತವೆ; ಸ್ವಿಚ್ ಆರಿಸಿದರೂ ಅದೇ ಅಪಾಯ ಎಂದು ವಿವರಿಸಿದೆ.

ಚಟುವಟಿಕೆ: ಸಮಯ, ಪರದೆಯ ಸಂದೇಶ, ಹಾರ್ಡ್ ಡಿಸ್ಕ್ ದೀಪ, ಡಿಸ್ಕಿನ ಸದ್ದು ಎಂಬ ನಾಲ್ಕು ಅಂಕಣಗಳ ಪಟ್ಟಿಯನ್ನು ಗುಂಪುಗಳು ತುಂಬಿದವು. ಪರದೆ ಬದಲಾಗಲಿಲ್ಲ, ದೀಪ ಮಾತ್ರ ಮಿನುಗುತ್ತಿತ್ತು. “ಕೆಲಸ ನಡೆಯುತ್ತಿದೆ, ಕಾಯಬೇಕು” ಎಂದು ಒಂದು ಗುಂಪು ಬರೆಯಿತು. ಊಟದ ನಂತರ ಎರಡು ಗಂಟೆ ಕಳೆದರೂ ದೀಪ ಒಮ್ಮೆಯೂ ಮಿನುಗಲಿಲ್ಲ, ಸದ್ದೂ ಇರಲಿಲ್ಲ. ಅದೇ ಗುಂಪು “ಸಿಲುಕಿದೆ” ಎಂದು ಬರೆಯಿತು.

ಪರಿಹಾರ: ಪೆನ್‌ಡ್ರೈವ್, ಪ್ರಿಂಟರ್ ಕಳಚಿಸಿದೆ. ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರ ಆರಿಸಿ, ಮತ್ತೆ ಹಚ್ಚುವಾಗ ಎಫ್8 ಒತ್ತಿ ಸೇಫ್ ಮೋಡ್ ಆರಿಸಿದೆವು. ಉಳಿದ ಕೆಲಸ ಅಲ್ಲಿ ಮುಗಿಯಿತು. ಬಳಿಕ ಯಂತ್ರ ಎಂದಿನಂತೆ ತೆರೆದುಕೊಂಡಿತು. ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಆದೇಶದಿಂದ ವ್ಯವಸ್ಥೆಯ ಕಡತಗಳನ್ನು ಪರೀಕ್ಷಿಸಿ, ಮಕ್ಕಳ ಯೋಜನಾ ಕಡತಗಳನ್ನು ಬೇರೆಡೆ ನಕಲಿಸಿದೆವು. ವಿಂಡೋಸ್ 10ರಲ್ಲಿ ಎಫ್8 ಸಾಮಾನ್ಯವಾಗಿ ಕೆಲಸ ಮಾಡದು. ಅಲ್ಲಿ ರಿಕವರಿ ಪರದೆಯ ಮೂಲಕ ಸೇಫ್ ಮೋಡಿಗೆ ಹೋಗಬೇಕೆಂದೂ ತಿಳಿಸಿದೆ.

ಮೌಲ್ಯಮಾಪನ: ಬೆಳಿಗ್ಗೆ ‘ಕಾಯಬೇಕು’, ಸಂಜೆ ‘ಆರಿಸಬೇಕು’ ಎಂದ ಗುಂಪಿನ ಎರಡೂ ಉತ್ತರ ಸರಿ. ಮೊದಲಿನಿಂದಲೂ ‘ಆರಿಸೋಣ’ ಎಂದವರ ಸಂಜೆಯ ಉತ್ತರವೂ ಅದೇ, ಆದರೆ ಅವರ ಪಟ್ಟಿಯಲ್ಲಿ ದೀಪದ ಅಂಕಣ ಖಾಲಿ. ಕೇವಲ ಉತ್ತರಕ್ಕೆ ಅಂಕ ಕೊಟ್ಟರೆ ಈ ಎರಡು ಗುಂಪುಗಳ ವ್ಯತ್ಯಾಸ ಮರೆಯಾಗುತ್ತದೆ. ಆದ್ದರಿಂದ 10 ಅಂಕಗಳಲ್ಲಿ 6ನ್ನು ವೀಕ್ಷಣೆಯ ದಾಖಲೆಗೆ ಇಟ್ಟೆ. ದುರಸ್ತಿಯ ಹಂತಗಳು ಆವೃತ್ತಿಯೊಂದಿಗೆ ಬದಲಾಗುತ್ತವೆ. ಕೈ ಹಾಕುವ ಮೊದಲು ನೋಡಿ ಬರೆದುಕೊಳ್ಳುವ ಅಭ್ಯಾಸ ಯಾವ ಯಂತ್ರದ ಮುಂದೆಯೂ ಕೆಲಸಕ್ಕೆ ಬರುತ್ತದೆ.