ನಂದಿಯಾಚೆಗೂ ಇದೆ ಚಿಕ್ಕಬಳ್ಳಾಪುರ ಜಿಲ್ಲೆ: ಪ್ರವಾಸ ಫಲಿಸಲು ಏಳು ಸೂತ್ರ

ಬೀದರ್, ಕಾರವಾರ, ಮಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬರುವವರು ಎಷ್ಟೋ ಮಂದಿ ನಂದಿಬೆಟ್ಟದ ಸೂರ್ಯೋದಯ ನೋಡಿ, ಹತ್ತು ಗಂಟೆಗೆಲ್ಲ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಅಷ್ಟು ದೂರ ಬಂದು ಇಷ್ಟೇ ನೋಡಿ ಹೋಗುವುದು ಅನ್ಯಾಯ. ಎರಡು ದಿನ ಇಟ್ಟುಕೊಳ್ಳಿ.

1. ಹಳಿ ನೋಡಿ ಯೋಜನೆ ಹಾಕಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೂರೂ ಕೋಲಾರಕ್ಕೆ ಹೋಗುವ ರೈಲು ಮಾರ್ಗದಲ್ಲಿವೆ. ಗೌರಿಬಿದನೂರು ಇರುವುದು ಹಿಂದೂಪುರದ ಮಾರ್ಗದಲ್ಲಿ. ನಾಲ್ಕನ್ನೂ ಒಂದೇ ದಿನಕ್ಕೆ ತುರುಕಿದರೆ ಕಣ್ಣಿಗೆ ಬೀಳುವುದು ಬರೀ ರಸ್ತೆ. ಹಳಿ ದಿಕ್ಕು ತಿಳಿಯಲಷ್ಟೇ; ರೈಲು ಕಡಿಮೆ, ಓಡಾಟಕ್ಕೆ ಬಸ್ಸನ್ನೇ ನಂಬಿ.

2. ಬೆಟ್ಟಕ್ಕೆ ಮುಂಚೆ ಬುಡ. ನಂದಿ ಗ್ರಾಮದ ಭೋಗನಂದೀಶ್ವರ ಗುಡಿಯ ಮೂಲ 9ನೇ ಶತಮಾನದ್ದು. ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರ ಕೈಯೂ ಇದಕ್ಕೆ ಸೋಕಿದೆ. ಅದೇ ಆವರಣದ ಅರುಣಾಚಲೇಶ್ವರನಲ್ಲಿ ಶಿವನ ಬಾಲ್ಯ, ಭೋಗನಂದೀಶ್ವರನಲ್ಲಿ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರನಲ್ಲಿ ವೈರಾಗ್ಯ ಎಂಬುದು ಇಲ್ಲಿಯ ನಂಬಿಕೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಹೋದರೇ ಕ್ರಮ. ಕೆಳಗಿನ ಎರಡು ಗುಡಿಗಳ ನಡುವಿನ ಉಮಾಮಹೇಶ್ವರ ಗುಡಿಯ ಮುಂದಿನ ಕಲ್ಯಾಣಮಂಟಪದಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಕರಿಕಲ್ಲಿನ ಕಂಬಗಳಲ್ಲಿ ದೇವದಂಪತಿಗಳು, ಬಳ್ಳಿ, ಹಕ್ಕಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಒಂದೊಂದೇ ಕಾಣತೊಡಗುತ್ತವೆ.

3. ನಂದಿಗೆ ವಾರದ ನಡುವೆ ಹತ್ತಿ. ಶನಿವಾರ, ಭಾನುವಾರ 1,478 ಮೀಟರ್ ಎತ್ತರದಲ್ಲೂ ವಾಹನಗಳದೇ ಸಾಲು. ಚಳಿಗಾಲದಲ್ಲಿ ಮಂಜು ಸೂರ್ಯನನ್ನೇ ನುಂಗಿಬಿಟ್ಟರೆ ಬೇಸರ ಬೇಡ, ಕೋಟೆಗೋಡೆಯ ಉದ್ದಕ್ಕೂ ನಡೆಯಿರಿ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಪಡೆ ಟಿಪ್ಪುವಿನಿಂದ ಕಿತ್ತುಕೊಂಡ ಕೋಟೆ ಇದು. ಈ ಕಡಿದಾದ ಬಂಡೆಗೆ ಫಿರಂಗಿ ಹೇಗೆ ಏರಿಸಿದರು ಎಂದು ನಿಮ್ಮ ಕಾಲೇ ಕೇಳುತ್ತದೆ.

4. ಮುದ್ದೇನಹಳ್ಳಿಯನ್ನು ದಾಟಿ ಹೋಗಬೇಡಿ. ವಿಶ್ವೇಶ್ವರಯ್ಯನವರ ಹುಟ್ಟೂರು ಇದು; ಅವರ ಸಮಾಧಿ, ಸಂಗ್ರಹಾಲಯ ಎರಡೂ ಇಲ್ಲೇ.

5. ಗೌರಿಬಿದನೂರಿಗೆ ಹೋದರೆ ವಿದುರಾಶ್ವತ್ಥಕ್ಕೆ ಅರ್ಧ ದಿನ ಕೊಡಿ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಹಾಯುವ ಜಾಗ. ಹರಕೆ ಹೊತ್ತವರು ಇಟ್ಟ ನಾಗರಕಲ್ಲುಗಳು ಸಾಲುಸಾಲು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ದು ಇಲ್ಲೇ. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕಿಂತ ಜನರ ಲೆಕ್ಕ ದೊಡ್ಡದು. ಅದಾದ ಮರುತಿಂಗಳೇ ಸಂಸ್ಥಾನಕ್ಕೂ ಕಾಂಗ್ರೆಸ್ಸಿಗೂ ನಡುವೆ ಮಿರ್ಜಾ-ಪಟೇಲ್ ಒಪ್ಪಂದವಾಯಿತು, ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶ ಸಿಕ್ಕಿತು. ಇಲ್ಲಿಯ ಸ್ಮಾರಕ ವೀರಸೌಧದ ಚಿತ್ರಗಳನ್ನು ಮಕ್ಕಳಿಗೆ ತೋರಿಸಲೇಬೇಕು. ನಮ್ಮ ನಾಡಿನ ಈ ಪುಟವನ್ನು ಓದಿಕೊಂಡು ಬಂದವರು ಇಂದಿಗೂ ಕಡಿಮೆ ಎಂಬುದು ನನಗೆ ನೋವಿನ ಸಂಗತಿ.

6. ಶಿಡ್ಲಘಟ್ಟಕ್ಕೆ ಬೆಳಿಗ್ಗೆಯೇ ಹೋಗಿ. ಇಲ್ಲಿಯ ಸ್ಮಾರಕವೆಂದರೆ ದುಡಿಮೆ. ರೈತರು ತಂದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ. ನೂಲು ತೆಗೆಯುವ ರೀಲರ್‌ಗಳು ಗೂಡನ್ನು ಬೆರಳಲ್ಲಿ ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ಗುಣ ಅಳೆಯುವುದನ್ನು ನೋಡಿ. ಕೇಳಿಕೊಂಡರೆ ಯಾವುದಾದರೂ ನೂಲು ಬಿಚ್ಚಾಣಿಕೆ ಘಟಕದೊಳಗೆ ಬಿಡುತ್ತಾರೆ. ಬಿಸಿನೀರಿನಲ್ಲಿ ಬೆಂದ ಗೂಡಿನ ತುದಿ ಹುಡುಕಿ ರಾಟೆಗೆ ಕೊಡುವ ಹೆಂಗಸರ ಬೆರಳುಗಳ ಚುರುಕು ಅಚ್ಚರಿ ಹುಟ್ಟಿಸುತ್ತದೆ. ಒಳ್ಳೆಯ ದ್ವಿತಳಿ ಗೂಡೊಂದರ ಎಳೆ ಸಾವಿರ ಮೀಟರಿನಷ್ಟು ಉದ್ದ. ಹುಳು ಬೇಯುವ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಡಿ, ಅದು ಅವರ ಅನ್ನ. ಫೋಟೊಕ್ಕೆ ಮೊದಲು ಅನುಮತಿ ಕೇಳಿ.

7. ಚಿಂತಾಮಣಿ ತಾಲ್ಲೂಕನ್ನು ಕೊನೆಗಿಡಿ, ಹೊಟ್ಟೆ ಹಸಿದಿರಲಿ. ಕನ್ನಡ, ತೆಲುಗು ಎರಡರಲ್ಲೂ ಹಾಡಿದ ತಾತಯ್ಯ ಯೋಗಿ ನಾರೇಯಣರ ಕೈವಾರದಲ್ಲಿ ದಾಸೋಹವಿದೆ. ಬಂಡೆ ಕೊರೆದು ಮಾಡಿದ ಕೈಲಾಸಗಿರಿಯ ಗುಹಾಲಯವನ್ನೂ, ಎಲ್ಲ ಜಾತಿ ಧರ್ಮದವರೂ ಹರಕೆ ಹೊತ್ತು ಬರುವ ಮುರುಗಮಲ್ಲ ದರ್ಗಾವನ್ನೂ ಅದೇ ದಿನ ಮುಗಿಸಬಹುದು. ಬೇಸಿಗೆಯಲ್ಲಿ ಬಂಡೆಯ ಕಾವಿಗೆ ಬರಿಗಾಲು ಇಡಲಾಗದು. ಡಿಸೆಂಬರ್, ಜನವರಿಯಲ್ಲಿ ಬಂದರೆ ಮುದ್ದೆಯ ಜೊತೆ ಹಿತಕಿದ ಅವರೆಬೇಳೆ ಸಾರೂ ಸಿಗುತ್ತದೆ.