ಗಾಲಿಯ ಮೇಲಿನ ಮನೆ: ಕ್ಯಾರವಾನ್ ಪ್ರವಾಸದ ಮೊದಲ ಪಾಠಗಳು



ನಮ್ಮ ಈ ಪತ್ರಿಕೆಯಲ್ಲಿ ಕೊಳೆರೋಗ, ಕಾಯಿಕೊರಕ, ಗೊಬ್ಬರದ ಪ್ರಮಾಣ, ಮಾರುಕಟ್ಟೆಯ ಧಾರಣೆ ಇವುಗಳದೇ ಚರ್ಚೆ. ಅದು ಇರಬೇಕಾದದ್ದೇ. ಆದರೆ ತೋಟ ಮಾಡುವ ಮನುಷ್ಯನ ಬಿಡುವಿನ ಬಗ್ಗೆ ಯಾರೂ ಬರೆಯುವುದಿಲ್ಲ. ನಮಗೆ ಬಿಡುವೇ ಇಲ್ಲವಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಹೇಳುತ್ತ ಬಂದವನು. ಮದುವೆ, ಮುಂಜಿ, ಆಸ್ಪತ್ರೆ ಬಿಟ್ಟರೆ ನಮ್ಮ ಮನೆಯಾಕೆ ಇಪ್ಪತ್ತಾರು ವರ್ಷದಲ್ಲಿ ಒಂದು ವಾರ ಮನೆಯ ಒಲೆ ಬಿಟ್ಟು ಇದ್ದದ್ದಿಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗಳು, ಅಳಿಯ ಮೂರು ವರ್ಷ ಕರೆದ ಮೇಲೆ, ಹೂಮಳೆ ಬಿದ್ದು ಮುಗಿದು ಬೋರ್ಡೋ ಹೊಡೆಯಲು ಇನ್ನೂ ಒಂದು ತಿಂಗಳಿರುವಾಗ, ಅಂದರೆ ಮೇ ತಿಂಗಳ ಮೊದಲಲ್ಲಿ ಹೊರಟೆವು. ಅಲ್ಲಿ ಅವರು ಹಳೆಯ ಕ್ಯಾರವಾನ್ ಒಂದನ್ನು ಆಗಷ್ಟೇ ಕೊಂಡಿದ್ದರು. ಅವರೂ ಹೊಸಬರು, ನಾವಂತೂ ಅದನ್ನು ಕಂಡವರೇ ಅಲ್ಲ. ಆ ಒಂದು ವಾರದಲ್ಲಿ ಕಲಿತದ್ದನ್ನು ಪಾಠದ ರೂಪದಲ್ಲಿ ಇಲ್ಲಿ ಬರೆದಿದ್ದೇನೆ.

ಕ್ಯಾರವಾನ್ ಎಂದರೇನು?

ಟಿಲ್ಲರಿಗೆ ಟ್ರೇಲರ್ ಸಿಕ್ಕಿಸುವಂತೆ ಕಾರಿನ ಹಿಂದೆ ಸಿಕ್ಕಿಸಿ ಎಳೆದೊಯ್ಯುವ ಪುಟ್ಟ ಮನೆಯೇ ಕ್ಯಾರವಾನ್. ಅದಕ್ಕೆ ಸ್ವಂತ ಇಂಜಿನ್ ಇಲ್ಲ. ಒಳಗೆ ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಫ್ರಿಜ್, ಕಕ್ಕಸು ಎಲ್ಲವೂ ಇರುತ್ತವೆ. ಹಗಲು ಕುಳಿತುಕೊಳ್ಳುವ ಬೆಂಚುಗಳೇ ರಾತ್ರಿ ಹಾಸಿಗೆಯಾಗುತ್ತವೆ. ಇಂಜಿನ್ನೂ ಮನೆಯೂ ಒಂದೇ ಆಗಿರುವ ವಾಹನ ಬೇರೆ, ಅದಕ್ಕೆ ಮೋಟರ್‌ಹೋಮ್ ಎನ್ನುತ್ತಾರೆ. ಎಳೆಯುವ ಕ್ಯಾರವಾನಿನ ಅನುಕೂಲವೆಂದರೆ, ತಲುಪಿದ ಜಾಗದಲ್ಲಿ ಮನೆಯನ್ನು ನಿಲ್ಲಿಸಿ, ಕಾರನ್ನು ಮಾತ್ರ ಬಿಚ್ಚಿಕೊಂಡು ಊರು ಸುತ್ತಬಹುದು.

ಇದು ಬಂದ ಬಗೆ

ಕೇವಲ ಸಂತೋಷಕ್ಕಾಗಿ ಇಂತಹ ಮನೆ ಮಾಡಿಸಿ ಊರೂರು ತಿರುಗಿದ ಮೊದಲಿಗರಲ್ಲಿ ಹೆಸರಾದವರು ಸ್ಕಾಟ್ಲೆಂಡ್ ಮೂಲದ ಡಾ. ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಇವರು ನೌಕಾದಳದಲ್ಲಿ ವೈದ್ಯರಾಗಿದ್ದು, ಆಮೇಲೆ ಹುಡುಗರಿಗಾಗಿ ಸಾಹಸ ಕಥೆಗಳನ್ನು ಬರೆದವರು. 1885ರಲ್ಲಿ ಬ್ರಿಸ್ಟಲ್ ನಗರದಲ್ಲಿ ‘ವಾಂಡರರ್’ ಎಂಬ ಗಾಡಿಯನ್ನು ಮಾಡಿಸಿ, ಎರಡು ಕುದುರೆ ಕಟ್ಟಿ, ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಗಾಡಿ ಸುಮಾರು ಎರಡು ಟನ್ ತೂಗುತ್ತಿತ್ತು. ದಾರಿಯಲ್ಲಿ ಜನರನ್ನು ಎಚ್ಚರಿಸಲು ಅವರ ಸೇವಕ ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದನಂತೆ.

1907ರಲ್ಲಿ ಇಂತಹ ಹವ್ಯಾಸಿಗಳು ಸೇರಿ ‘ಕ್ಯಾರವಾನ್ ಕ್ಲಬ್’ ಕಟ್ಟಿದರು. 2017ರಿಂದ ಅದರ ಹೆಸರು ‘ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್’. ಕಾರು ಎಳೆಯುವ ಕ್ಯಾರವಾನನ್ನು ಮಾರಾಟಕ್ಕೆಂದು ತಯಾರಿಸಲು 1919ರಲ್ಲಿ ಮೊದಲಿಟ್ಟದ್ದು ಬರ್ಮಿಂಗ್‌ಹ್ಯಾಮ್‌ನ ಎಕಲ್ಸ್ ಕಂಪನಿ. ಶ್ರೀಮಂತರ ಆಟವಾಗಿದ್ದದ್ದು ಎರಡನೆಯ ಮಹಾಯುದ್ಧದ ನಂತರ ಸಾಮಾನ್ಯ ಸಂಸಾರಸ್ಥರ ಕೈಗೂ ಎಟುಕಿತು.

ತೂಕದ ಪಾಠ

ಹೊಸಬರು ಮೊದಲು ಕಲಿಯಬೇಕಾದದ್ದು ತೂಕದ ಲೆಕ್ಕ. ಇದನ್ನು ನಾವು ಕಲಿತದ್ದು ಭಯಪಟ್ಟು.

ನಾವು ಹೊರಟದ್ದು ಉತ್ತರದ ಲೇಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟ ಮತ್ತು ಸರೋವರಗಳ ಸೀಮೆಗೆ. ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಾಕೆ ಅಕ್ಕಿ ಮೂಟೆ, ಕುಕ್ಕರ್, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ, ಸಾಲದ್ದಕ್ಕೆ ಮಗಳ ಗ್ರೈಂಡರ್ ಎಲ್ಲವನ್ನೂ ಕ್ಯಾರವಾನಿನ ಹಿಂಬದಿಯ ಮಂಚದ ಕೆಳಗೆ ತುಂಬಿದಳು. ಜಾಗ ಅಲ್ಲಿತ್ತು, ತುಂಬಿದೆವು. ಎಂ-6 ಹೆದ್ದಾರಿಯಲ್ಲಿ ಶಾಪ್ ಎಂಬ ಎತ್ತರದ ಬಯಲು ದಾಟಿ ಇಳಿಜಾರಿನಲ್ಲಿ ಹೋಗುವಾಗ ಅಡ್ಡಗಾಳಿ ಇತ್ತು. ಬಸ್ಸೊಂದು ಪಕ್ಕದಿಂದ ದಾಟಿತು. ಕೂಡಲೇ ಹಿಂದಿನ ಕ್ಯಾರವಾನ್ ಹಾವು ಹರಿದಂತೆ ಎಡಕ್ಕೆ ಬಲಕ್ಕೆ ತೊನೆಯತೊಡಗಿತು. ಕಾರಿನ ಹಿಂಭಾಗವನ್ನೂ ಅದು ಎಳೆದಾಡಿತು. ನನ್ನ ಬಾಯಿಂದ “ಬ್ರೇಕ್ ಹಾಕಿ!” ಎಂಬ ಮಾತು ಹೊರಟೇ ಹೋಯಿತು. ಅಳಿಯ ಹಾಕಲಿಲ್ಲ. ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ, ಸ್ಟೀರಿಂಗ್ ನೇರವಾಗಿ ಹಿಡಿದು ಕುಳಿತರು. ನಾಲ್ಕಾರು ಬಾರಿ ತೊನೆದು ಅದು ತಾನಾಗಿ ನಿಂತಿತು. ಆಮೇಲೆ ಅವರು, “ಮಾವ, ಬ್ರೇಕ್ ಒತ್ತಿದ್ದರೆ ಇಬ್ಬರೂ ಮಗುಚುತ್ತಿದ್ದೆವು” ಎಂದರು. ಹೊರಡುವ ಮುನ್ನ ಅವರು ಕ್ಲಬ್ಬಿನ ಎರಡು ದಿನದ ತರಬೇತಿಗೆ ಹೋಗಿದ್ದರು. ಅದೇ ನಮ್ಮನ್ನು ಉಳಿಸಿತು.

ಪೆನ್ರಿತ್ ಊರಿನ ಬಳಿ ಹೆದ್ದಾರಿ ಬಿಟ್ಟು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾರಣ ಹುಡುಕಿದೆವು. ಎತ್ತಿನ ಗಾಡಿ ಕಟ್ಟಿದ ಹಿರಿಯರಿಗೆ ಇದು ಕೂಡಲೇ ಅರ್ಥವಾಗುವ ವಿಷಯ. ಗಾಡಿ ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಮುರಿಯುತ್ತದೆ. ಕ್ಯಾರವಾನಿಗೂ ಅದೇ ನಿಯಮ. ಅಚ್ಚಿನ ಹಿಂದೆ ಭಾರ ತುಂಬಿದರೆ ಮೂತಿ ಹಗುರವಾಗಿ, ಸಣ್ಣ ತಳ್ಳಿಗೂ ಬಾಲ ಬೀಸುತ್ತದೆ. ಇಳಿಜಾರು, ಹೆಚ್ಚಿನ ವೇಗ, ಅಡ್ಡಗಾಳಿ ಸೇರಿದರೆ ಅಪಾಯ. ನಮ್ಮಲ್ಲಿ ಈ ನಾಲ್ಕೂ ಸೇರಿದ್ದವು.

ಲೆಕ್ಕವನ್ನು ಉದಾಹರಣೆಯೊಂದಿಗೆ ಹೇಳುತ್ತೇನೆ.

1. ಸಾಮಾನು ತುಂಬಿದ ಕ್ಯಾರವಾನಿನ ತೂಕ, ಎಳೆಯುವ ಕಾರಿನ ಸ್ವಂತ ತೂಕದ ಶೇಕಡಾ 85ನ್ನು ಮೀರದಿರುವುದು ಹೊಸಬರಿಗೆ ಒಳ್ಳೆಯದು. ಕಾರು 1,600 ಕಿಲೋ ಇದ್ದರೆ ಕ್ಯಾರವಾನ್ 1,360 ಕಿಲೋದೊಳಗಿರಬೇಕು. ಇದು ಕಾನೂನಲ್ಲ, ಅನುಭವಸ್ಥರ ಸಲಹೆ. ಕಾರು ತಯಾರಕರು ಹೇಳಿದ ಎಳೆಯುವ ಮಿತಿಯನ್ನು ಮಾತ್ರ ಎಂದೂ ಮೀರಬಾರದು.

2. ಕ್ಯಾರವಾನಿನ ಮೂತಿ ಕಾರಿನ ಕೊಂಡಿಯ ಮೇಲೆ ಹಾಕುವ ಭಾರ, ಅದರ ಒಟ್ಟು ತೂಕದ ಶೇಕಡಾ 5ರಿಂದ 7ರಷ್ಟಿರಬೇಕು. 1,300 ಕಿಲೋ ಕ್ಯಾರವಾನಿಗೆ ಇದು 65ರಿಂದ 91 ಕಿಲೋ. ಕಾರಿನ ಕೊಂಡಿಗೂ ಒಂದು ಮಿತಿ ಬರೆದಿರುತ್ತದೆ, ಅದನ್ನೂ ನೋಡಬೇಕು. ಅಳೆಯಲು ಸಣ್ಣ ಮಾಪಕ ಸಿಗುತ್ತದೆ.

3. ಭಾರದ ಸಾಮಾನು ಅಚ್ಚಿನ ಮೇಲೆ, ನೆಲಮಟ್ಟದಲ್ಲಿ. ಹಗುರವಾದದ್ದು ಮಾತ್ರ ಮೇಲಿನ ಕಪಾಟುಗಳಲ್ಲಿ. ಹಿಂಬದಿಯಲ್ಲಿ ಆದಷ್ಟು ಏನೂ ಬೇಡ.

ಅಕ್ಕಿ ಮೂಟೆ ಮತ್ತು ಗ್ರೈಂಡರನ್ನು ಕಾರಿಗೆ ಸಾಗಿಸಿದೆವು. ಉಳಿದ ದಾರಿಯಲ್ಲಿ ಗಾಡಿ ಅಲುಗಲಿಲ್ಲ.

ರಸ್ತೆಯ ಪಾಠ

ಬ್ರಿಟನ್ನಿನಲ್ಲಿ 2021ರ ಡಿಸೆಂಬರ್ 16ರಿಂದ, ಕಾರಿನ ಲೈಸೆನ್ಸ್ ಉಳ್ಳವರು ಬೇರೆ ಪರೀಕ್ಷೆ ಇಲ್ಲದೆ 3,500 ಕಿಲೋವರೆಗಿನ ಟ್ರೇಲರ್ ಎಳೆಯಬಹುದು. ಪರೀಕ್ಷೆ ಇಲ್ಲವೆಂದು ಕಲಿಯದೆ ಹೊರಡುವುದು ಬುದ್ಧಿವಂತಿಕೆಯಲ್ಲ ಎಂಬುದಕ್ಕೆ ನಮ್ಮ ಕಥೆಯೇ ಸಾಕ್ಷಿ.

ಎಳೆಯುವಾಗ ವೇಗದ ಮಿತಿ ಊರಿನ ಹೊರಗಿನ ಸಾಧಾರಣ ರಸ್ತೆಯಲ್ಲಿ ಗಂಟೆಗೆ 50 ಮೈಲಿ (80 ಕಿ.ಮೀ.), ಹೆದ್ದಾರಿಯಲ್ಲಿ 60 ಮೈಲಿ (96 ಕಿ.ಮೀ.). ಮೂರು ಅಥವಾ ಹೆಚ್ಚು ಸಾಲಿನ ಹೆದ್ದಾರಿಯಲ್ಲಿ ತೀರಾ ಬಲಗಡೆಯ ಸಾಲಿಗೆ ಹೋಗುವಂತಿಲ್ಲ. ಕ್ಯಾರವಾನ್ ಕಾರಿಗಿಂತ ಅಗಲವಾದ್ದರಿಂದ ಕಾರಿನ ಎರಡೂ ಬದಿಗೆ ಉದ್ದದ ಕನ್ನಡಿ ಹಾಕಬೇಕು. ಚಲಿಸುವಾಗ ಕ್ಯಾರವಾನಿನೊಳಗೆ ಯಾರೂ ಕೂರುವಂತಿಲ್ಲ. ಕೊಂಡಿ ಕಳಚಿಕೊಂಡರೆ ಕ್ಯಾರವಾನಿನ ಬ್ರೇಕನ್ನು ಎಳೆದು ನಿಲ್ಲಿಸುವ ಒಂದು ತಂತಿ ಇರುತ್ತದೆ, ಅದನ್ನು ಸಿಕ್ಕಿಸದೆ ಹೊರಡಲೇಬಾರದು.

ಹಿಂದಕ್ಕೆ ತೆಗೆಯುವುದು ಹೊಸಬರಿಗೆ ದೊಡ್ಡ ಪರೀಕ್ಷೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಕ್ಯಾರವಾನಿನ ಹಿಂಭಾಗ ಬಲಕ್ಕೆ ಹೋಗುತ್ತದೆ. ತಂಗುದಾಣದಲ್ಲಿ ಅಳಿಯ ಮೂರು ಬಾರಿ ಬೇಲಿಗೆ ಮುಖ ಮಾಡಿದರು. ಗೊಬ್ಬರದ ಟ್ರೇಲರನ್ನು ಕಣದ ಮೂಲೆಗೆ ರಿವರ್ಸ್ ತೆಗೆದು ಅಭ್ಯಾಸವಿದ್ದ ನಾನು ಹಿಂದೆ ನಿಂತು, “ಸ್ವಲ್ಪ ಸ್ವಲ್ಪ ತಿರುಗಿಸಿ, ಬಾಗಲು ಶುರುವಾದ ಕೂಡಲೇ ಸರಿ ಮಾಡಿ” ಎಂದು ಹೇಳಿಕೊಟ್ಟೆ. ನಾಲ್ಕನೆಯ ಸಲ ಸರಿಯಾಗಿ ಕೂತಿತು. ಆ ದೇಶದಲ್ಲಿ ನನಗೆ ತಿಳಿದದ್ದೂ ಒಂದಿದೆ ಎಂದು ಸಂತೋಷವಾಯಿತು.

ತಂಗುವ ಪಾಠ

ನಿಲ್ಲಿಸಿದ ಮೇಲೆ ಮೊದಲು ಎಡಬಲ ಮಟ್ಟ ಮಾಡಬೇಕು. ತಗ್ಗಿನ ಗಾಲಿಯನ್ನು ಇಳಿಜಾರು ಹಲಗೆಯ ಮೇಲೆ ಹತ್ತಿಸುತ್ತಾರೆ. ಆಮೇಲೆ ಮೂತಿಯ ಪುಟ್ಟ ಚಕ್ರದಿಂದ ಹಿಂದುಮುಂದಿನ ಮಟ್ಟ. ನಾಲ್ಕು ಮೂಲೆಯ ಕಾಲುಗಳನ್ನು ಕೊನೆಗೆ ಇಳಿಸುವುದು. ಅವು ಅಲುಗದಂತೆ ಹಿಡಿಯಲು ಮಾತ್ರ, ಗಾಡಿಯನ್ನು ಎತ್ತಲು ಅಲ್ಲ.

ನೀರನ್ನು ನಲ್ಲಿಯಿಂದ ಉರುಳುವ ಪೀಪಾಯಿಯಲ್ಲಿ ತರಬೇಕು. ಪಾತ್ರೆ ತೊಳೆದ ನೀರು ಇನ್ನೊಂದು ಪೀಪಾಯಿಗೆ ಬೀಳುತ್ತದೆ. ಕಕ್ಕಸಿನ ಡಬ್ಬವನ್ನು ಅದಕ್ಕೆಂದೇ ಮಾಡಿದ ಜಾಗದಲ್ಲಿ ಸುರಿಯಬೇಕು. ಒಂದು ತೊಟ್ಟು ಕೊಳೆಯೂ ಹುಲ್ಲಿಗೆ ಹೋಗುವಂತಿಲ್ಲ. ದಿನಕ್ಕೆ ಎಷ್ಟು ನೀರು ಹೊತ್ತೆವು, ಎಷ್ಟು ಚೆಲ್ಲಿದೆವು ಎಂಬುದು ಕೈಗೆ ತಿಳಿಯುತ್ತದಾದ್ದರಿಂದ ನೀರಿನ ಬೆಲೆಯೂ ತಿಳಿಯುತ್ತದೆ. ಗ್ಯಾಸಿನಲ್ಲಿ ಬ್ಯೂಟೇನ್ ಚಳಿ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಕೆಲಸ ಮಾಡದು, ಚಳಿಗಾಲಕ್ಕೆ ಪ್ರೊಪೇನ್ ಬೇಕು. ಒಳಗಾಗಲಿ, ಪಕ್ಕಕ್ಕೆ ಕಟ್ಟುವ ಡೇರೆಯಲ್ಲಾಗಲಿ ಇದ್ದಿಲ ಒಲೆ ಹಚ್ಚಬಾರದು. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಅಳಿಯನೊಂದಿಗೆ ಒಂದೇ ಕೋಣೆಯಲ್ಲಿ ಮಲಗುವುದು ಹೇಗೆ ಎಂದು ನಮ್ಮ ಮನೆಯಾಕೆಗೆ ಸಂಕೋಚವಿತ್ತು. ಮಗಳು, ಅಳಿಯ ಆ ಡೇರೆಯಲ್ಲಿ ಮಲಗಿದರು. ನಮಗೆ ಒಳಗಿನ ಮಂಚ ಸಿಕ್ಕಿತು.

ಐದು ಕ್ಯಾರವಾನಿನ ಹೊಲ

ನಾವು ತಂಗಿದ್ದು ಕೆಸಿಕ್ ಎಂಬ ಊರಿನ ಬಳಿ ಒಬ್ಬ ಸಣ್ಣ ಕುರಿ ರೈತರ ಹೊಲದಲ್ಲಿ. ಅಲ್ಲಿ 1960ರ ಕಾಯಿದೆಯೊಂದರ ಪ್ರಕಾರ, ಮಾನ್ಯತೆ ಪಡೆದ ಕ್ಲಬ್ಬುಗಳು ಪ್ರಮಾಣಪತ್ರ ಕೊಟ್ಟ ಜಾಗದಲ್ಲಿ ರೈತರು ಒಂದು ಸಲಕ್ಕೆ ಐದು ಕ್ಯಾರವಾನ್‌ಗಳವರೆಗೆ ಕ್ಲಬ್ಬಿನ ಸದಸ್ಯರನ್ನು ಇಳಿಸಿಕೊಳ್ಳಬಹುದು. ಬಂಗಲೆ ಕಟ್ಟಬೇಕಿಲ್ಲ. ಒಂದು ನಲ್ಲಿ, ಕೊಳೆ ಸುರಿಯುವ ಗುಂಡಿ, ಗಟ್ಟಿ ದಾರಿ ಇವಿಷ್ಟರಿಂದ ಆರಂಭಿಸಬಹುದು.

ಆ ಸೀಮೆಯ ಹರ್ಡ್‌ವಿಕ್ ಕುರಿಗಳ ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದು ಬಣ್ಣ. ನಾವು ಹೋದಾಗ ಮರಿ ಹಾಕುವ ಕಾಲ. ರೈತರ ಮನೆಯಾಕೆ ರಾತ್ರಿ ಟಾರ್ಚ್ ಹಿಡಿದು ಗದ್ದೆ ಸುತ್ತುತ್ತಿದ್ದರು. ಬೆಳಿಗ್ಗೆ ಕೋಳಿಮೊಟ್ಟೆ ಮಾರಲು ಬಂದವರಿಗೆ ನಮ್ಮವಳು ನಮ್ಮ ತೋಟದ ಪುಡಿಯ ಫಿಲ್ಟರ್ ಕಾಫಿ ಕೊಟ್ಟಳು. ಮಗಳ ಮೂಲಕ ಮಾತುಕತೆ ನಡೆಯಿತು. “ನಿಮಗೆ ರಜ ಯಾವಾಗ?” ಎಂದು ಕೇಳಿದರೆ ಆಕೆ ನಕ್ಕರು. “ರಜ ನನ್ನ ಹೊಲಕ್ಕೇ ಬರುತ್ತದೆ, ನಾನು ನೋಡುತ್ತೇನೆ” ಎಂದರು. ಸಣ್ಣ ಹಿಡುವಳಿಯವರ ಪಾಡು ಎಲ್ಲಿಯೂ ಒಂದೇ.

ಪಕ್ಕದ ಬಾರೋಡೇಲ್ ಕಣಿವೆಯ ಸೀತ್‌ವೇಟ್, ಇಂಗ್ಲೆಂಡಿನಲ್ಲಿ ಜನವಸತಿ ಇರುವ ಜಾಗಗಳಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರು. ವರ್ಷಕ್ಕೆ 130 ಇಂಚಿನ ಮೇಲೆ. ಆಗುಂಬೆಯ ಮಳೆಯ ಅರ್ಧವೂ ಇಲ್ಲ ಎಂದು ನಾನು ಜಂಬ ಕೊಚ್ಚಿದೆ. ಮರುದಿನ ಇಡೀ ಹಗಲು ಮಳೆ ಹಿಡಿಯಿತು. ತಗಡಿನ ಸೂರಿನ ಮೇಲೆ ಮಳೆ, ಒಳಗೆ ಬಿಸಿ ಗಂಜಿ, ಉಪ್ಪಿನಕಾಯಿ. ಬಾಗಿಲಿನ ಬಳಿ ಕುಳಿತು ಬೆಟ್ಟ ನೋಡುತ್ತಿದ್ದ ನಮ್ಮವಳು, “ನೋಡಿ, ಇವತ್ತು ಯಾರೂ ಕಾಫಿ ಕೇಳಿಕೊಂಡು ಬರೋದಿಲ್ಲ ಅಲ್ವಾ?” ಎಂದಳು. ನಾನು ಎದ್ದು ನಾಲ್ಕು ಜನಕ್ಕೂ ಕಾಫಿ ಮಾಡಿದೆ. ಅಪ್ಪಯ್ಯ ಕಾಫಿ ಮಾಡಿದ್ದನ್ನು ನೋಡಿದ್ದು ಇದೇ ಮೊದಲು ಎಂದು ಮಗಳು ಹೇಳಿದಳು. ಅದು ನಿಜವೂ ಆಗಿತ್ತು.

ನಮಗೆ ಇದರಿಂದ ಏನು?

ಕ್ಯಾರವಾನ್ ಕೊಳ್ಳಿರಿ ಎಂದು ನಾನು ಹೇಳುತ್ತಿಲ್ಲ. ನೆರೆಯ ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿ ಪ್ರಕಟಿಸಿತು. ನಮ್ಮ ಮಲೆನಾಡು, ಕೊಡಗಿನ ಎಷ್ಟೋ ತೋಟಗಳಲ್ಲಿ ಹೋಂಸ್ಟೇಗಳಿವೆ. ಆ ದಾರಿ ಹಿಡಿಯುವವರು ಐದರ ನಿಯಮದ ತಿರುಳನ್ನು ನೆನಪಿಡಲಿ: ನಮ್ಮ ನೀರು ತಡೆಯುವಷ್ಟು, ನಮ್ಮ ಗುಂಡಿ ಹಿಡಿಯುವಷ್ಟು ಅತಿಥಿಗಳು ಮಾತ್ರ. ಕಾನೂನು ಅಲ್ಲಿಯದು ಬೇರೆ, ಇಲ್ಲಿಯದು ಬೇರೆ. ವಿಚಾರಿಸಿಯೇ ಮುಂದುವರಿಯಬೇಕು.

ಅದಕ್ಕಿಂತ ಹತ್ತಿರದ ಪಾಠ ಇನ್ನೊಂದಿದೆ. ನಾವು ಹೋಗಿ ಬರಲು ಸಾಧ್ಯವಾದದ್ದು ಪಕ್ಕದ ತೋಟದವರು ನಮ್ಮ ದನ, ಪಂಪು, ಆಳುಗಳ ಲೆಕ್ಕ ನೋಡಿಕೊಂಡದ್ದರಿಂದ. ಬರುವ ವರ್ಷ ಅವರ ತೋಟವನ್ನು ನಾನು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದೇನೆ. ಅಡಿಕೆ ಮಾರಲು, ಗೊಬ್ಬರ ತರಿಸಲು ಸಹಕಾರ ಮಾಡುವ ನಾವು, ಹೂಮಳೆಗೂ ಬೋರ್ಡೋಗೂ ನಡುವೆ ಒಂದು ವಾರದ ಬಿಡುವಿಗೂ ಯಾಕೆ ಸಹಕಾರ ಮಾಡಬಾರದು? ಎರಡೆರಡು ಮನೆ ಮಾತಾಡಿಕೊಂಡರೆ ಸಾಕು. ಇಂಗ್ಲೆಂಡಿಗೇ ಹೋಗಬೇಕೆಂದಿಲ್ಲ. ಹೊರಡುವಾಗ ಮಾತ್ರ ಗ್ರೈಂಡರನ್ನು ಮನೆಯಲ್ಲೇ ಬಿಟ್ಟು ಹೊರಡಿ.